ವಕೀಲಿಕೆಯ ಮೊದಲ ಮೂರು ವರ್ಷ

(ನಮ್ಮ ತಾಲೂಕಿನ ಪದವಿ ಕಾಲೇಜಿನಲ್ಲಿ ಕೊನೇ ವರ್ಷದ ಮಕ್ಕಳ ಮುಂದೆ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಆಡಿದ ಹಾಗೇ ಬರೆದಿದ್ದೇನೆ. ಆಮೇಲೆ ಅವರು ಕೇಳಿದ ಪ್ರಶ್ನೆಗಳ ಉತ್ತರವನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ಎಷ್ಟು ಜನ ಕೋರ್ಟ್ ಹಾಲಿನ ಒಳಗೆ ಹೋಗಿ ಕೂತಿದ್ದೀರಿ? ನಾಲ್ಕು ಕೈ. ಸರಿ. ಮನೆಯಲ್ಲಿ, ಇಲ್ಲಾ ಹತ್ತಿರದ ಸಂಬಂಧಿಕರಲ್ಲಿ, ಜಮೀನಿನದ್ದೋ ಪಾಲಿನದ್ದೋ ಜೀವನಾಂಶದ್ದೋ ಒಂದು ಕೇಸು ನಡೆಯುತ್ತಿದೆ ಅನ್ನುವವರು ಎಷ್ಟು ಜನ? ನೋಡಿ, ಅರ್ಧ ಹಾಲ್ ಕೈ ಎತ್ತಿತು. ಕೋರ್ಟು ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ, ಅದರ ಖರ್ಚು ನಿಮ್ಮ ಮನೆಯೊಳಗೇ ಇದೆ, ಆದರೂ ಅಲ್ಲಿ ಏನು ನಡೆಯುತ್ತದೆ ಅಂತ ನೀವು ನೋಡಿಲ್ಲ. ನಾನೂ ನೋಡಿರಲಿಲ್ಲ. ಬಿ.ಎ. ಮುಗಿಸಿದಾಗ ವಕೀಲರು ಅಂದರೆ ನನಗೆ ಗೊತ್ತಿದ್ದದ್ದು ಅಪ್ಪ ವಾಯಿದೆ ದಿನ ಬೆಳಗ್ಗೆ ಬಿಳಿ ಪಂಚೆ ಉಟ್ಟು ಬಸ್ ಹತ್ತುತ್ತಿದ್ದದ್ದು, ಸಂಜೆ ಬಂದು 'ಇವತ್ತೂ ಮುಂದಕ್ಕೆ ಹೋಯ್ತು' ಅನ್ನುತ್ತಿದ್ದದ್ದು, ಅಷ್ಟೇ.

ಇವತ್ತು ನಾನು ಹೇಳಬೇಕಿರುವುದು ಒಂದೇ ವಿಷಯ. ವಕೀಲರಾಗುವ ದಾರಿಯಲ್ಲಿ ಡಿಗ್ರಿ, ಸನ್ನದು ಅಂದರೆ ವಕೀಲಿಕೆ ಮಾಡುವ ಅನುಮತಿ, ಪರೀಕ್ಷೆ ಇವೆಲ್ಲ ಇವೆ. ಅವನ್ನು ವಿವರವಾಗಿಯೇ ಹೇಳುತ್ತೇನೆ. ಆದರೆ ಹಳ್ಳಿ ಕಡೆಯ ಮಕ್ಕಳು ಈ ದಾರಿ ಬಿಟ್ಟು ಹೋಗುವುದು ಅಲ್ಲಿ ಅಲ್ಲ. ಎಲ್ಲ ಪಾಸಾಗಿ, ಕರಿ ಕೋಟು ಹೊಲಿಸಿಕೊಂಡು, ಆಮೇಲೆ ಬರುವ ಮೊದಲ ಮೂರು ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ಹಾಗಾಗಿ ಆ ಮೂರು ವರ್ಷದ ಲೆಕ್ಕವನ್ನು ಈಗಲೇ ಹಾಕಿ. ಕಾಲೇಜು ಮುಗಿದ ಮೇಲೆ ಹಾಕುವ ಲೆಕ್ಕ ಅಲ್ಲ ಅದು.

ಮೊದಲು ಓದಿನ ಮಾತು.

ಎಲ್‌ಎಲ್.ಬಿ. ಮಾಡಲು ಎರಡು ದಾರಿ. ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸ್, ಇಲ್ಲಾ ಯಾವುದಾದರೂ ಪದವಿ ಆದ ಮೇಲೆ ಮೂರು ವರ್ಷದ ಕೋರ್ಸ್. ನೀವು ಎರಡನೆಯದಕ್ಕೆ ಸೇರಿದವರು. ಬಿ.ಎ. ಆಗಲಿ, ಬಿ.ಕಾಂ. ಆಗಲಿ, ಬಿ.ಎಸ್ಸಿ. ಆಗಲಿ, ತಾರತಮ್ಯ ಇಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದ ಪ್ರಕಾರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಇರಬೇಕು. 44.8 ಬಂದರೆ 45 ಅಂತ ಹಿಡಿದುಕೊಳ್ಳುತ್ತಾರೆ ಅನ್ನುವ ನಂಬಿಕೆಯಲ್ಲಿ ಇರಬೇಡಿ. ಈ ಸೆಮಿಸ್ಟರ್ ಇನ್ನೂ ಕೈಯಲ್ಲಿದೆ ಅಲ್ವಾ, ಓದಿ.

ಕರ್ನಾಟಕದಲ್ಲಿ ಬಹುಪಾಲು ಲಾ ಕಾಲೇಜುಗಳು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದು 2009ರಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಒಂದೊಂದು ಭಾಗದ ಕಾಲೇಜು ಒಂದೊಂದು ವಿಶ್ವವಿದ್ಯಾಲಯದ ಕೆಳಗೆ ಇತ್ತು. ಇಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇದನ್ನು ಜೋರಾಗಿ ಹೇಳುತ್ತೇನೆ, ಯಾಕೆಂದರೆ 'ನನಗೆ ಇಂಗ್ಲಿಷ್ ಬರಲ್ಲ ಮೇಡಮ್' ಅಂತ ಲಾ ಕಾಲೇಜಿನ ಅರ್ಜಿಯನ್ನೇ ತರದೆ ಕೂತ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಬೇರೆಯದೇ ದಾರಿ. 1988ರಲ್ಲಿ ಅಲ್ಲಿ ಪಾಠ ಶುರುವಾದಾಗ ಎನ್. ಆರ್. ಮಾಧವ ಮೆನನ್ ಅವರು ಮೊದಲ ನಿರ್ದೇಶಕರು. ಐದು ವರ್ಷದ ಕಾನೂನು ಪದವಿ ದೇಶದಲ್ಲಿ ಬೇರು ಬಿಟ್ಟದ್ದು ಆ ಪ್ರಯೋಗದಿಂದ. ಅಲ್ಲಿಗೆ ಸೇರಲು ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. 2022ರಿಂದ ಅಲ್ಲೂ ಮೂರು ವರ್ಷದ ಕೋರ್ಸ್ ಇದೆ, ಅದಕ್ಕೆ ಅವರದ್ದೇ ಬೇರೆ ಪ್ರವೇಶ ಪರೀಕ್ಷೆ. ಫೀಸು ಲಕ್ಷಗಳಲ್ಲಿ. ಆಸೆ ಇದ್ದವರು ಖಂಡಿತ ಬರೆಯಿರಿ. ಆದರೆ ಅಲ್ಲಿ ಸೀಟು ಸಿಗಲಿಲ್ಲ ಅಂದರೆ ವಕೀಲರಾಗುವ ದಾರಿ ಮುಚ್ಚಿತು ಅಂತ ಅಲ್ಲ. ತಾಲೂಕು ಕೋರ್ಟಿನಲ್ಲಿ ಜನ ನಿಮ್ಮ ಕಾಲೇಜಿನ ಹೆಸರು ಕೇಳುವುದಿಲ್ಲ. 'ನಮ್ಮ ಫೈಲ್ ಓದಿದ್ದೀರಾ' ಅಂತ ಕೇಳುತ್ತಾರೆ.

ಒಬ್ಬ ಹುಡುಗ ಕೇಳಿದ, 'ಮೇಡಮ್, ನಾನು ಕೆಲಸಕ್ಕೆ ಹೋಗ್ತೀನಿ, ಮನೆಯಲ್ಲೇ ಓದಿ ಎಲ್‌ಎಲ್.ಬಿ. ಮಾಡಬಹುದಾ?' ಆಗುವುದಿಲ್ಲಪ್ಪ. ಅಂಚೆ ಮೂಲಕ, ಆನ್‌ಲೈನ್ ಮೂಲಕ ಮಾಡಿದ ಎಲ್‌ಎಲ್.ಬಿ.ಗೆ ಸನ್ನದು ಕೊಡುವುದಿಲ್ಲ. ತರಗತಿಗೆ ಹೋಗಲೇಬೇಕು, ಹಾಜರಿ ಶೇ. 70 ಬೇಕು. ಯಾರಾದರೂ 'ಫೀಸು ಕಟ್ಟಿ ಸಾಕು, ಪರೀಕ್ಷೆಗೆ ಮಾತ್ರ ಬನ್ನಿ' ಅಂದರೆ ಅಲ್ಲಿ ಸೇರಬೇಡಿ. ಹಣವೂ ಹೋಗುತ್ತದೆ, ಮೂರು ವರ್ಷವೂ ಹೋಗುತ್ತದೆ.

ಇನ್ನು ಕಾಲೇಜಿನೊಳಗೆ. ಪಠ್ಯದಲ್ಲಿ ಸಂವಿಧಾನ, ಕರಾರು ಕಾಯ್ದೆ, ಕುಟುಂಬ ಕಾನೂನು, ಸಿವಿಲ್ ಪ್ರಕ್ರಿಯೆ, ಸಾಕ್ಷ್ಯ ಎಲ್ಲ ಬರುತ್ತವೆ. 2024ರ ಜುಲೈ 1ರಿಂದ 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರ ಜೊತೆಗೆ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ. ನಿಮ್ಮ ಅದೃಷ್ಟ, ನೀವು ಹೊಸ ಸೆಕ್ಷನ್ ನಂಬರುಗಳನ್ನೇ ಮೊದಲಿಗೆ ಕಲಿಯುತ್ತೀರಿ. ಕೊಲೆಯ ಸೆಕ್ಷನ್ನಿಗೆ ನಾವು 302 ಅಂತ ಬಾಯಿಗೆ ಬಂದದ್ದನ್ನು ತಿದ್ದಿಕೊಂಡು 103 ಅನ್ನಬೇಕು. ಆದರೆ 2024ರ ಜೂನ್ ತನಕ ನಡೆದ ಅಪರಾಧಗಳ ಕೇಸುಗಳು ಹಳೇ ಸೆಕ್ಷನ್ನಿನಲ್ಲೇ ನಡೆಯುತ್ತಿವೆ, ಅವು ಇನ್ನೂ ಬಹಳ ವರ್ಷ ಇರುತ್ತವೆ. ಹಾಗಾಗಿ ಎರಡೂ ಗೊತ್ತಿರಬೇಕು.

ಈ ಪಾಠಗಳ ಜೊತೆಗೆ ನಾಲ್ಕು ಪ್ರಾಯೋಗಿಕ ವಿಷಯ ಕಡ್ಡಾಯ. ಅದರಲ್ಲೊಂದು ಅಣಕು ನ್ಯಾಯಾಲಯ ಮತ್ತು ಇಂಟರ್ನ್‌ಶಿಪ್. ನೀವು ಎರಡು ಕೇಸಿನ ವಿಚಾರಣೆಯನ್ನು ಕೋರ್ಟಿನಲ್ಲಿ ಕೂತು ನೋಡಿ ದಿನಚರಿ ಬರೆಯಬೇಕು. ವಕೀಲರ ಆಫೀಸಿನಲ್ಲಿ ಕೂತು, ಕಕ್ಷಿದಾರರು ಬಂದು ಹೇಳುವುದನ್ನು ಕೇಳಿ ಬರೆಯಬೇಕು. ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಕಾಗದದ ಮೇಲೆ ಎಷ್ಟು ಒಳ್ಳೆಯ ವ್ಯವಸ್ಥೆ ಅಲ್ವಾ? ಆದರೆ ಆಗುವುದೇನು ಅಂದರೆ ಸೀನಿಯರ್ ಹುಡುಗರ ಹಳೇ ಜರ್ನಲ್ ತಂದು ಹೆಸರು ಬದಲಿಸಿ ನಕಲು ಮಾಡುತ್ತಾರೆ. ವಕೀಲರೊಬ್ಬರ ಹತ್ತಿರ ಹೋಗಿ 'ಸರ್, ಒಂದು ಸರ್ಟಿಫಿಕೇಟ್' ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ನನ್ನ ಹತ್ತಿರವೂ ಬರುತ್ತಾರೆ. ನಾನು ಹಾಕುವುದಿಲ್ಲ. ಅವರ ಮೇಲೆ ಕೋಪ ಇಲ್ಲ. ಆ 12 ವಾರ ಅವರಿಗೆ ಮತ್ತೆ ಸಿಗುವುದಿಲ್ಲ ಅನ್ನುವ ಸಂಕಟ. ಆ ದಿನಗಳಲ್ಲಿ ತಪ್ಪು ಮಾಡಿದರೆ ಯಾರ ಜಮೀನೂ ಹೋಗುವುದಿಲ್ಲ. ಆಮೇಲೆ ಮಾಡುವ ತಪ್ಪಿಗೆ ಇನ್ನೊಬ್ಬರು ಬೆಲೆ ಕೊಡುತ್ತಾರೆ.

ಡಿಗ್ರಿ ಆಯಿತು ಅನ್ನಿ. ಮುಂದೆ ಸನ್ನದು.

1961ರ ವಕೀಲರ ಕಾಯ್ದೆ ಬರುವ ಮುಂಚೆ ನಮ್ಮಲ್ಲಿ ಪ್ಲೀಡರ್, ವಕೀಲ, ಮುಖ್ತಾರ, ಅಡ್ವೊಕೇಟ್ ಅಂತ ಬೇರೆ ಬೇರೆ ದರ್ಜೆ ಇತ್ತು. ಕೆಲವರು ಕೆಳಗಿನ ಕೋರ್ಟಿನಲ್ಲಿ ಮಾತ್ರ ನಿಲ್ಲಬಹುದಿತ್ತು. ಕಾಯ್ದೆ ಅದನ್ನೆಲ್ಲ ಒಂದು ಮಾಡಿತು. ಇವತ್ತು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಬಂದರೆ, ನಿಯಮದ ಪ್ರಕಾರ, ನಮ್ಮ ತಾಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ನೀವು ವಕೀಲರೇ. ಭಾರತದ ಪ್ರಜೆ ಆಗಿರಬೇಕು, 21 ವರ್ಷ ತುಂಬಿರಬೇಕು, ಮಾನ್ಯತೆ ಇರುವ ಕಾನೂನು ಪದವಿ ಇರಬೇಕು. ಸಂಬಳದ ಪೂರ್ಣಾವಧಿ ಕೆಲಸದಲ್ಲಿ ಇರಬಾರದು. ಹೌದು, ಬೆಳಗ್ಗೆ ಶಾಲೆಯಲ್ಲಿ ಮೇಷ್ಟರಾಗಿ, ಮಧ್ಯಾಹ್ನ ಕೋರ್ಟಿನಲ್ಲಿ ವಕೀಲರಾಗಿ ಇರಲು ಆಗುವುದಿಲ್ಲ.

ಶುಲ್ಕದ ವಿಷಯ ನಿಲ್ಲಿಸಿ ಹೇಳುತ್ತೇನೆ. ಕಾಯ್ದೆಯ 24ನೇ ಕಲಮಿನಲ್ಲಿ ನೋಂದಣಿ ಶುಲ್ಕ ಬರೆದಿದೆ: ರಾಜ್ಯ ಪರಿಷತ್ತಿಗೆ 600 ರೂಪಾಯಿ, ಭಾರತೀಯ ಪರಿಷತ್ತಿಗೆ (ಬಾರ್ ಕೌನ್ಸಿಲ್ ಆಫ್ ಇಂಡಿಯಾ) 150, ಒಟ್ಟು 750. ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಅಷ್ಟೇ ಬರೆದಿದ್ದರೂ ದೇಶದ ಹಲವು ರಾಜ್ಯಗಳಲ್ಲಿ ಆ ನಿಧಿ, ಈ ನಿಧಿ, ಗ್ರಂಥಾಲಯ, ಗುರುತಿನ ಚೀಟಿ ಅಂತ ಸೇರಿಸಿ 15,000 ದಾಟಿಸಿಬಿಟ್ಟಿದ್ದರು. ಓದು ಮುಗಿಸಿ, ಇನ್ನೂ ಒಂದು ರೂಪಾಯಿ ದುಡಿಯದ ಹುಡುಗ ಎಲ್ಲಿಂದ ತರಬೇಕು? 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಕಾಯ್ದೆಯಲ್ಲಿ ಬರೆದಿರುವುದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಇಂಥ ಶುಲ್ಕ ಬಡವರನ್ನೂ ದನಿ ಇಲ್ಲದವರನ್ನೂ ವೃತ್ತಿಯ ಬಾಗಿಲಲ್ಲೇ ತಡೆಯುತ್ತದೆ ಅನ್ನುವುದು ಆ ತೀರ್ಪಿನ ತಿರುಳು. ನನಗೆ ಆ ದಿನ ತುಂಬಾ ಖುಷಿಯಾಯಿತು. ಶುಲ್ಕದ ಜೊತೆಗೆ ಸ್ಟಾಂಪ್ ಡ್ಯೂಟಿ ಇರುತ್ತದೆ, ಅದು ಬೇರೆ ಲೆಕ್ಕ.

ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ, ಎಲ್ಲರೂ ಎಐಬಿಇ ಅನ್ನುತ್ತಾರೆ. ಸನ್ನದು ಸಿಕ್ಕ ಎರಡು ವರ್ಷದೊಳಗೆ ಇದನ್ನು ಪಾಸು ಮಾಡಬೇಕು. 100 ಪ್ರಶ್ನೆ, ನಾಲ್ಕು ಉತ್ತರದಲ್ಲಿ ಒಂದನ್ನು ಗುರುತು ಮಾಡುವುದು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ 45, ಪರಿಶಿಷ್ಟರಿಗೆ 40 ಬಂದರೆ ಸಾಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ತೆಗೆದುಕೊಂಡು ಹೋಗಬಹುದು. ಬೇರ್ ಆಕ್ಟ್ ಅಂದರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ. ಅದು ಕೈಯಲ್ಲಿದ್ದರೂ ಅದರಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಸಮಯ ಸಾಲುವುದಿಲ್ಲ. ಮೊದಲ ವರ್ಷದಿಂದಲೇ ಗೈಡು ಬಿಟ್ಟು ಬೇರ್ ಆಕ್ಟ್ ಓದಿದವರಿಗೆ ಇದು ಕಷ್ಟದ ಪರೀಕ್ಷೆ ಅಲ್ಲ.

ಈ ಪರೀಕ್ಷೆ ಯಾಕೆ ಬಂತು ಅನ್ನುವುದರ ಹಿಂದೆ ಒಂದು ಕಥೆ ಇದೆ. ನನ್ನ ಮಾತಿನ ಮುಖ್ಯ ಎಳೆ ಅಲ್ಲೇ ಇರುವುದರಿಂದ ಸ್ವಲ್ಪ ಹೇಳುತ್ತೇನೆ. 1961ರ ಕಾಯ್ದೆಯಲ್ಲಿ ಮೊದಲು ತರಬೇತಿಯ ಷರತ್ತು ಇತ್ತು. ಡಿಗ್ರಿ ಆದ ಮೇಲೆ ತರಬೇತಿ ಪಡೆದು, ಆಮೇಲೆ ವಕೀಲರಾಗಬೇಕಿತ್ತು. 1973ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಡಿಗ್ರಿ ತೋರಿಸಿದರೆ ಸನ್ನದು. ಹೊಸಬರಿಗೆ ಏನೂ ಬರುವುದಿಲ್ಲ ಅನ್ನುವ ಗೋಳು ಶುರುವಾಯಿತು. 1995ರಲ್ಲಿ ಬಾರ್ ಕೌನ್ಸಿಲ್ ಒಂದು ವರ್ಷದ ತರಬೇತಿಯನ್ನು ನಿಯಮ ಮಾಡಿ ಮತ್ತೆ ತಂದಿತು. 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸಂಸತ್ತು ತೆಗೆದ ಷರತ್ತನ್ನು ಪರಿಷತ್ತು ನಿಯಮದಿಂದ ತರುವ ಹಾಗಿಲ್ಲ ಅಂದಿತು. 2010ರಲ್ಲಿ ಪರಿಷತ್ತು ಪರೀಕ್ಷೆಯ ದಾರಿ ಹಿಡಿಯಿತು. ಅದೂ ಕೋರ್ಟಿಗೆ ಹೋಯಿತು. 2023ರ ಫೆಬ್ರವರಿ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಪರೀಕ್ಷೆ ಮಾಡುವ ಅಧಿಕಾರ ಪರಿಷತ್ತಿಗೆ ಇದೆ ಅಂತ ಎತ್ತಿಹಿಡಿಯಿತು.

ಅರವತ್ತು ವರ್ಷದಿಂದ ಸಂಸತ್ತು, ಪರಿಷತ್ತು, ಸುಪ್ರೀಂ ಕೋರ್ಟು ಒಂದೇ ಪ್ರಶ್ನೆ ಸುತ್ತ ತಿರುಗುತ್ತಿವೆ. ಡಿಗ್ರಿ ಇರುವವರಿಗೆ ಕೆಲಸ ಕಲಿಸುವವರು ಯಾರು? ನೂರು ಪ್ರಶ್ನೆಯ ಪರೀಕ್ಷೆ ಕೆಲಸ ಕಲಿಸುವುದಿಲ್ಲ. ಕೆಲಸ ಕಲಿಯುವುದು ಸೀನಿಯರ್ ಆಫೀಸಿನಲ್ಲಿ. ಅಲ್ಲಿಗೇ ಬರುತ್ತೇನೆ.

ನಾನು ಸೇರಿದ್ದು ಒಬ್ಬ ಸಿವಿಲ್ ವಕೀಲರ ಹತ್ತಿರ. ಎರಡು ಕೋಣೆಯ ಆಫೀಸು, ಒಂದು ಟೈಪ್‌ರೈಟರು, ಮೂವತ್ತು ವರ್ಷದಿಂದ ಅಲ್ಲೇ ಇದ್ದ ಒಬ್ಬ ಗುಮಾಸ್ತರು. ಮೊದಲ ತಿಂಗಳು ನನಗೆ ಕೊಟ್ಟ ಕೆಲಸ ಡೈರಿ ಬರೆಯುವುದು. ಯಾವ ಕೇಸು, ಯಾವ ಕೋರ್ಟು, ಇವತ್ತು ಏನಾಯಿತು, ಮುಂದಿನ ವಾಯಿದೆ ಯಾವಾಗ. ಇದಕ್ಕೆ ಮೂರು ವರ್ಷ ಲಾ ಓದಬೇಕಿತ್ತಾ ಅಂತ ಅನ್ನಿಸಿತ್ತು. ಒಂದು ವಾಯಿದೆ ತಪ್ಪು ಬರೆದರೆ ಕೇಸು ಕೂಗಿದಾಗ ಯಾರೂ ಇರುವುದಿಲ್ಲ, ದಾವೆ ವಜಾ ಆಗುತ್ತದೆ, ಅದನ್ನು ಮತ್ತೆ ಎಬ್ಬಿಸಲು ತಿಂಗಳುಗಟ್ಟಲೆ ಓಡಾಡಬೇಕು. ಇದನ್ನು ನನಗೆ ಹೇಳಿಕೊಟ್ಟದ್ದು ಗುಮಾಸ್ತರು. ಪ್ರೊಸೆಸ್ ಫೀ ಕಟ್ಟುವುದು, ನಕಲು ಅರ್ಜಿ ಹಾಕುವುದು, ಫೈಲ್ ಯಾವ ಶಿರಸ್ತೇದಾರರ ಮೇಜಿನಲ್ಲಿ ಇದೆ ಅಂತ ಪತ್ತೆ ಮಾಡುವುದು, ಇದೆಲ್ಲ ಅವರಿಂದ ಕಲಿತೆ. ನೀವು ಯಾವ ಆಫೀಸಿಗೆ ಸೇರಿದರೂ ಗುಮಾಸ್ತರನ್ನು ಗೌರವದಿಂದ ಮಾತಾಡಿಸಿ. ಅವರೇ ನಿಮ್ಮ ಮೊದಲ ಮೇಷ್ಟರು.

ಎರಡನೇ ತಿಂಗಳಿನಲ್ಲಿ ಒಬ್ಬ ವಯಸ್ಸಾದ ರೈತರು ಬಂದರು. ಪಕ್ಕದವರು ಬದು ಒತ್ತಿ ನಾಲ್ಕು ಗುಂಟೆ ಸೇರಿಸಿಕೊಳ್ಳುತ್ತಿದ್ದಾರೆ, ತಡೆಯಾಜ್ಞೆ ಬೇಕು ಅಂತ. ಸೀನಿಯರ್ 'ನೀನೇ ಪ್ಲೇಂಟ್ ಬರಿಯಮ್ಮ' ಅಂದರು. ಪ್ಲೇಂಟ್ ಅಂದರೆ ಕೋರ್ಟಿಗೆ ಕೊಡುವ ದಾವೆಯ ಅರ್ಜಿ. ನನಗೆ ಸಂಭ್ರಮ. ಅವರ ತಂದೆ ಕೊಂಡಿದ್ದ ಹಳೇ ಕ್ರಯಪತ್ರ ಎದುರಿಗೆ ಇಟ್ಟುಕೊಂಡು, ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲ ಅಕ್ಷರ ಬಿಡದೆ ಇಳಿಸಿದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಜಮೀನು, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ಇಂಥವರ ತೋಟ. ಚೆನ್ನಾಗಿದೆ ಅಂದುಕೊಂಡೆ.

ಕೋರ್ಟಿನಲ್ಲಿ ನ್ಯಾಯಾಧೀಶರು ಷೆಡ್ಯೂಲು, ಅಂದರೆ ಪ್ಲೇಂಟಿನ ಜಮೀನು ವಿವರ, ಓದಿ, ಜೊತೆಗೆ ಇಟ್ಟಿದ್ದ ಪಹಣಿ ನೋಡಿ, ಒಂದೇ ಪ್ರಶ್ನೆ ಕೇಳಿದರು. 'ಪಶ್ಚಿಮಕ್ಕೆ ಇರುವವರು ಅಂತ ಬರೆದಿದ್ದೀರಲ್ಲ, ಅವರು ಈಗ ಅಲ್ಲಿ ಇದ್ದಾರಾ? ಒತ್ತುವರಿ ಮಾಡುತ್ತಿದ್ದಾರೆ ಅಂತ ನೀವು ಹೇಳುವ ಪ್ರತಿವಾದಿ ಯಾವ ದಿಕ್ಕಿನಲ್ಲಿ ಇದ್ದಾನೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ರಯಪತ್ರ ಮೂವತ್ತು ವರ್ಷ ಹಳೆಯದು. ಪಶ್ಚಿಮದ ಜಮೀನು ಎರಡು ಕೈ ಬದಲಾಗಿ ಮೂರು ಪಾಲಾಗಿತ್ತು. ಆ ದಿನ ತಡೆಯಾಜ್ಞೆ ಸಿಗಲಿಲ್ಲ. ಎದುರು ಪಾರ್ಟಿಗೆ ನೋಟಿಸ್ ಅಂತ ಆದೇಶ ಆಯಿತು. ಹೊರಗೆ ಬಂದಾಗ ಆ ಅಜ್ಜ ನನ್ನನ್ನು ಬೈಯಲಿಲ್ಲ. 'ಅಂದ್ರೆ ಅವ್ನು ನಾಳೆನೂ ಉಳ್ತಾನಾ ಲಾಯರಮ್ಮ?' ಅಂತ ಕೇಳಿದರು. ಇಷ್ಟು ವರ್ಷ ಆಯಿತು, ಆ ದನಿ ನನ್ನ ಕಿವಿಯಲ್ಲಿ ಹಾಗೇ ಇದೆ.

ಸೀನಿಯರ್ ಕೂಗಾಡಲಿಲ್ಲ. ಭಾನುವಾರ ನನ್ನನ್ನೂ ಗುಮಾಸ್ತರನ್ನೂ ಕರೆದುಕೊಂಡು ಆ ಜಮೀನಿಗೆ ಹೋದರು. ನಡುವೆ ನಿಲ್ಲಿಸಿ, 'ಈಗ ಸೂರ್ಯ ಹುಟ್ಟೋ ಕಡೆ ಮುಖ ಮಾಡು, ಏನು ಕಾಣುತ್ತೆ ಹೇಳು' ಅಂದರು. ಹಳ್ಳ ಕಂಡಿತು. ಆದರೆ ಹಳ್ಳಕ್ಕೂ ಜಮೀನಿಗೂ ನಡುವೆ ಒಂದು ಪಟ್ಟಿ ಸರ್ಕಾರಿ ಖರಾಬು ಇತ್ತು, ಅದು ನನ್ನ ಪ್ಲೇಂಟಿನಲ್ಲಿ ಇರಲೇ ಇಲ್ಲ. ಬದುವಿನ ಮೇಲೆ ಸರ್ವೆ ಕಲ್ಲು ಇರಬೇಕಾದ ಕಡೆ ಹಸಿ ಮಣ್ಣು ಇತ್ತು. ಕಲ್ಲು ಕಿತ್ತು ಬಹಳ ದಿನ ಆಗಿರಲಿಲ್ಲ. ಆ ಒಂದು ಗುಂಡಿ ನಮ್ಮ ಕೇಸಿಗೆ ಹತ್ತು ಪುಟದ ವಾದಕ್ಕಿಂತ ಹೆಚ್ಚು. ಫೋಟೋ ತೆಗೆಸಿದೆವು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 6 ರೂಲ್ 17ರಲ್ಲಿ ಪ್ಲೇಂಟ್ ತಿದ್ದುಪಡಿಗೆ ಅರ್ಜಿ ಹಾಕಿದೆವು, ಸರ್ವೆಯವರನ್ನು ಕಮಿಷನರ್ ಆಗಿ ನೇಮಿಸಲು ಕೇಳಿದೆವು. ಆಮೇಲೆ ತಡೆಯಾಜ್ಞೆ ಸಿಕ್ಕಿತು. ನಡುವೆ ಹೋದ ಐದು ವಾರದಲ್ಲಿ ಆ ಅಜ್ಜನ ಒಂದು ಬೆಳೆ ಹೋಯಿತು.

ಅವತ್ತಿನಿಂದ ಜಮೀನು ನೋಡದೆ ನಾನು ಚಕ್ಕುಬಂದಿ ಬರೆದಿಲ್ಲ. ಇದು ಯಾವ ಪಠ್ಯದಲ್ಲೂ ಇಲ್ಲ. ಸೀನಿಯರ್ ಆಫೀಸು ಯಾಕೆ ಬೇಕು ಅಂದರೆ ಇದಕ್ಕೆ.

ಆದರೆ ಆ ಆಫೀಸಿನಲ್ಲಿ ಮೂರು ವರ್ಷ ಊಟ ಯಾರು ಹಾಕಬೇಕು? ನನಗೆ ಮೊದಲ ವರ್ಷ ಸಂಬಳ ಅಂತ ಇರಲಿಲ್ಲ. ಬಸ್ ಚಾರ್ಜು ಕೊಡುತ್ತಿದ್ದರು, ಹಬ್ಬಕ್ಕೆ ಸೀರೆ. ಆ ಕಾಲದಲ್ಲಿ ಎಲ್ಲ ಕಡೆ ಹಾಗೇ ಇತ್ತು, ಬಹಳ ಕಡೆ ಇವತ್ತೂ ಹಾಗೇ ಇದೆ. ನನ್ನ ಜೊತೆ ಒಂದೇ ವರ್ಷ ಸನ್ನದು ತೆಗೆದುಕೊಂಡು ನಮ್ಮ ಕೋರ್ಟಿಗೆ ಬಂದ ಆರು ಜನರಲ್ಲಿ ಉಳಿದದ್ದು ಇಬ್ಬರು. ಹೋದ ನಾಲ್ವರಲ್ಲಿ ಒಬ್ಬಳು ನನಗಿಂತ ಚೆನ್ನಾಗಿ ಪಾಟೀಸವಾಲು, ಅಂದರೆ ಎದುರು ಪಾರ್ಟಿಯ ಸಾಕ್ಷಿಗೆ ಪ್ರಶ್ನೆ ಹಾಕುವುದು, ಮಾಡುತ್ತಿದ್ದಳು. ಮನೆಯಲ್ಲಿ ತಂಗಿಯರ ಫೀಸು ಕಟ್ಟಬೇಕಿತ್ತು, ಬೆಂಗಳೂರಿಗೆ ಕೆಲಸಕ್ಕೆ ಹೋದಳು. ಅವಳು ಸೋತು ಹೋದದ್ದಲ್ಲ. ನಮ್ಮ ವೃತ್ತಿ ಅವಳನ್ನು ಉಳಿಸಿಕೊಳ್ಳಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿತು. ಜೂನಿಯರುಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ. ಕಡ್ಡಾಯ ಅಲ್ಲ, ಶಿಫಾರಸು. ಸಣ್ಣ ಊರಿನ ಸೀನಿಯರುಗಳು ಅಷ್ಟು ಕೊಡಲು ಆಗುವುದಿಲ್ಲ ಅನ್ನುತ್ತಾರೆ, ಅವರ ಮಾತಿನಲ್ಲೂ ನಿಜ ಇದೆ. ಆದರೆ ಏನೂ ಕೊಡದೆ ಇರುವುದು ಸರಿ ಅಲ್ಲ. ನನ್ನ ಆಫೀಸಿನಲ್ಲಿ ಇಬ್ಬರು ಜೂನಿಯರುಗಳಿದ್ದಾರೆ, ತಿಂಗಳ ಮೊದಲ ವಾರ ಅವರ ಹಣ ಕೊಟ್ಟು ಆಮೇಲೆ ನನ್ನ ಖರ್ಚು. ನೀವು ಸೇರುವಾಗ 'ಏನು ಕೊಡ್ತೀರಿ ಸರ್' ಅಂತ ಕೇಳಲು ನಾಚಿಕೆ ಬೇಡ.

ಇನ್ನೊಂದು ದಾರಿ ಇದೆ, ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಹೊಸದಾಗಿ ಸನ್ನದು ಪಡೆದ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯದ ಕಾನೂನು ಪದವೀಧರರಿಗೆ ಸರ್ಕಾರದ ಇಲಾಖೆಗಳಿಂದ ತರಬೇತಿ ಭತ್ಯೆ ಇದೆ. ಹಿರಿಯ ವಕೀಲರ ಹತ್ತಿರ ಕೆಲಸ ಕಲಿಯುವಾಗ ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬರುತ್ತದೆ, ಕೊನೇ ದಿನ ಬೇಗ ಬಂದುಬಿಡುತ್ತದೆ. ಎಲ್‌ಎಲ್.ಬಿ. ಕೊನೇ ವರ್ಷದಲ್ಲೇ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿ. ಜಾತಿ, ಆದಾಯದ ಪ್ರಮಾಣಪತ್ರ ಹಳೆಯದಾಗಿದ್ದರೆ ಮೊದಲೇ ಹೊಸದು ಮಾಡಿಸಿಕೊಳ್ಳಿ.

'ಜಡ್ಜ್ ಆಗಬೇಕು, ವಕೀಲಿಕೆ ಮಾಡದೆ ನೇರ ಪರೀಕ್ಷೆ ಬರೀಬಹುದಾ?' ಅಂತ ಒಬ್ಬಳು ಕೇಳಿದಳು. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ ಹೇಳಿತು. ಎಐಬಿಇ ಪಾಸಾಗುವ ಮುಂಚೆ ಸಿಗುವ ತಾತ್ಕಾಲಿಕ ಸನ್ನದಿನ ದಿನದಿಂದಲೇ ಲೆಕ್ಕ. ನ್ಯಾಯಮೂರ್ತಿಗಳ ಹತ್ತಿರ ಲಾ ಕ್ಲರ್ಕ್ ಆಗಿದ್ದ ಕಾಲವೂ ಸೇರುತ್ತದೆ. ಬಡ ಮಕ್ಕಳಿಗೆ ಇದರಿಂದ ಕಷ್ಟ ಜಾಸ್ತಿ ಆಗುತ್ತದೆ ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ, ನಾನು ಈಗ ತಾನೇ ಅದೇ ಕಷ್ಟ ಹೇಳಿದೆ. ಆದರೂ ಸಾಕ್ಷಿ ಕಟ್ಟೆಯ ಎದುರು ಒಂದು ದಿನವೂ ನಿಲ್ಲದವರು ಪೀಠದಲ್ಲಿ ಕೂರುವುದು ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಮೂರು ವರ್ಷ ಬೇಕು ಅನ್ನುವವರು ಆ ಮೂರು ವರ್ಷಕ್ಕೆ ದಾರಿ ಖರ್ಚನ್ನೂ ಯೋಚಿಸಬೇಕು, ಅಷ್ಟೇ.

ಇಂಗ್ಲಿಷಿನ ಮಾತಿಗೆ ಮತ್ತೆ ಬರುತ್ತೇನೆ. ತಾಲೂಕು, ಜಿಲ್ಲಾ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ. ಅದರಲ್ಲೂ ಊರಿಗೊಂದು ಕನ್ನಡ. 'ಅವನು ನಮ್ಮ ಮನೆಗೆ ನಡಕೊಳ್ತಿದ್ದ' ಅಂದರೆ ಬಂದು ಹೋಗುತ್ತಿದ್ದ ಅಂತಲೋ, ಚೆನ್ನಾಗಿ ನಡೆದುಕೊಳ್ಳುತ್ತಿದ್ದ ಅಂತಲೋ? ಒಂದು ಮಾತಿನ ಮೇಲೆ ಕೇಸು ನಿಲ್ಲುತ್ತದೆ, ಬೀಳುತ್ತದೆ. ಅದನ್ನು ಕಿವಿಗೊಟ್ಟು ಹಿಡಿಯುವ ಶಕ್ತಿ ನಿಮಗೆ ಹುಟ್ಟಿನಿಂದ ಬಂದಿದೆ, ಅದನ್ನು ಕಡಿಮೆ ಅಂದುಕೊಳ್ಳಬೇಡಿ. ಹಾಗಂತ ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ, ಅದು ಮೋಸ ಆಗುತ್ತದೆ. ಮೇಲಿನ ಕೋರ್ಟಿನ ತೀರ್ಪುಗಳು ಇಂಗ್ಲಿಷಿನಲ್ಲಿವೆ, ಹೈಕೋರ್ಟಿನ ವ್ಯವಹಾರವೂ ಇಂಗ್ಲಿಷಿನಲ್ಲಿ. ದಿನಕ್ಕೆ ಒಂದು ತೀರ್ಪು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಎರಡು ಪುಟ ಆದರೂ ಸರಿ. ನಾನು ಹಾಗೇ ಕಲಿತದ್ದು. ಎರಡು ವರ್ಷ ಹಿಡಿಯಿತು. ಹೈಕೋರ್ಟಿಗೆ ಹೋಗಬೇಕು ಅಂದರೆ ಈಗ ಬೆಂಗಳೂರೊಂದೇ ಅಲ್ಲ, 2008ರಿಂದ ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ.

ಹುಡುಗಿಯರು ಗುಂಪಾಗಿ ಬಂದು ಮೆಲ್ಲಗೆ ಕೇಳಿದರು, 'ಮೇಡಮ್, ನಮಗೆ ಈ ಕೆಲಸ ಆಗುತ್ತಾ? ಮನೆಯಲ್ಲಿ ಬೇಡ ಅಂತಾರೆ.' 1916ರಲ್ಲಿ ಕಲ್ಕತ್ತಾದಲ್ಲಿ ರೆಜೀನಾ ಗುಹಾ ಅನ್ನುವವರು ಕಾನೂನು ಓದಿ ಪ್ಲೀಡರ್ ಆಗಲು ಅರ್ಜಿ ಹಾಕಿದಾಗ, ಹೆಂಗಸರಿಗೆ ಅವಕಾಶ ಇಲ್ಲ ಅಂತ ಹೈಕೋರ್ಟೇ ಹೇಳಿತು. 1923ರಲ್ಲಿ ಹೆಂಗಸರೂ ವಕೀಲರಾಗಬಹುದು ಅಂತ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಬಳ್ಳಾರಿಯಲ್ಲಿ ವಕೀಲಿಕೆ ಶುರು ಮಾಡಿದ ಮಂಜುಳಾ ಚೆಲ್ಲೂರ್ ಅವರು ಕೇರಳ, ಕಲ್ಕತ್ತಾ, ಬಾಂಬೆ ಮೂರು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ಇದು ಮನೆಯಲ್ಲಿ ಹೇಳಲು. ನಿಮಗೆ ಮಾತ್ರ ಹೇಳುವುದು ಬೇರೆ ಇದೆ. ನಾನು ಮೊದಲು ಕೆಲಸ ಮಾಡಿದ ಕೋರ್ಟಿನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ, ನಾವು ಮೂವರು ಎದುರಿನ ಮನೆಯೊಂದಕ್ಕೆ ಹೋಗುತ್ತಿದ್ದೆವು. ಬೇಸಿಗೆಯಲ್ಲೂ ನೀರು ಕುಡಿಯದೆ ಸಂಜೆ ತನಕ ಇರುತ್ತಿದ್ದೆವು. ಮೂರು ವರ್ಷ ಅರ್ಜಿ ಕೊಟ್ಟು ಕೊಟ್ಟು ಕಟ್ಟಿಸಿದೆವು. ಸೇರುವ ಮುಂಚೆ ಆಫೀಸು ನೋಡಿ, ಅಲ್ಲಿ ಇನ್ನೊಬ್ಬ ಹೆಂಗಸು ಕೆಲಸ ಮಾಡುತ್ತಿದ್ದಾಳಾ ಕೇಳಿ, ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಕೇಳಿ. ಇವು ಕೇಳಬೇಕಾದ ಪ್ರಶ್ನೆಗಳು. ಕೇಳಿದ್ದಕ್ಕೆ ಮುಖ ಸಿಂಡರಿಸುವ ಆಫೀಸು ನಿಮಗೆ ಬೇಡ.

ಇನ್ನು ಮಾತು ಸಾಕು. ಸೋಮವಾರ ಬೆಳಗ್ಗೆ 11 ಗಂಟೆಗೆ ಕೋರ್ಟಿಗೆ ಬನ್ನಿ. ಕೆಲವು ಕೇಸುಗಳನ್ನು ಬಿಟ್ಟರೆ, ಮಕ್ಕಳ ಮೇಲಿನ ದೌರ್ಜನ್ಯದಂಥವು, ಉಳಿದ ವಿಚಾರಣೆ ನಡೆಯುವುದು ತೆರೆದ ನ್ಯಾಯಾಲಯದಲ್ಲಿ. ಯಾರು ಬೇಕಾದರೂ ಒಳಗೆ ಬಂದು ಕೂರಬಹುದು. ಅನುಮತಿ ಪತ್ರ ಬೇಕಿಲ್ಲ. ಫೋನ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಮೊದಲು ಕೇಸುಗಳನ್ನು ಕೂಗುವುದು ಬಹಳ ವೇಗವಾಗಿ ನಡೆಯುತ್ತದೆ, ಏನೂ ಅರ್ಥವಾಗುವುದಿಲ್ಲ, ಗಾಬರಿ ಬೇಡ. ಹನ್ನೆರಡರ ಮೇಲೆ ಸಾಕ್ಷಿ ವಿಚಾರಣೆ ಶುರುವಾಗುತ್ತದೆ. ಆಗ ಸಾಕ್ಷಿಯ ಮುಖ ನೋಡಿ, ಅವರು ಆಡಿದ ಮಾತಿಗೂ ಬೆರಳಚ್ಚಾಗುವ ಮಾತಿಗೂ ಏನು ವ್ಯತ್ಯಾಸ ಇದೆ ಅಂತ ಬರೆದುಕೊಳ್ಳಿ. ಐದು ಗಂಟೆಯ ಮೇಲೆ ನಾನು ಆಫೀಸಿನಲ್ಲಿ ಇರುತ್ತೇನೆ, ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆ, ಹಿಟ್ಟಿನ ಗಿರಣಿ ಮೇಲಿನ ಮಹಡಿ. ಬರೆದದ್ದನ್ನು ತಂದು ತೋರಿಸಿ, ಕೂತು ಮಾತಾಡೋಣ.